ಟ್ರ್ಯಾಕ್ಟರಿನ ಡಬ್ಬದ ಎಣ್ಣೆ

ಪೊಲೀಸರು ಬಿಟ್ಟುಕೊಟ್ಟ ಜೀಪನ್ನು ಎಳೆದುಕೊಂಡು ಬಂದ ಗಾಡಿಯವನು ಕೆಂಗೇರಿಯ ಆ ಗಲ್ಲಿಯಲ್ಲಿ ತಿರುವು ಸಿಗದೆ ಒದ್ದಾಡಿಹೋದ. ಬಾಡಿಗೆ ಮನೆಗಳ ಬಾಲ್ಕನಿ ತುಂಬ ಜನ. ಒಬ್ಬರೂ ಕೆಳಗಿಳಿದು ಬಂದು ಒಂದು ಮಾತು ಕೇಳಲಿಲ್ಲ, ನೋಡುವುದಕ್ಕೆ ಮಾತ್ರ ಎಲ್ಲರಿಗೂ ಪುರುಸೊತ್ತಿತ್ತು. ಜೀಪಿನ ಮುಂದಿನ ಗಾಜು ಇರಲಿಲ್ಲ. ಒಂದು ಚಕ್ರ ಒಳಕ್ಕೆ ಮಡಚಿಕೊಂಡಿತ್ತು. ಎಡಗಡೆಯ ಸೀಟಿನ ಮೇಲೆ ಯಾರೋ ಪುಣ್ಯಾತ್ಮರು ಒಂದು ಗೋಣಿಚೀಲ ಹೊದಿಸಿದ್ದರು. ಅಕ್ಕಯ್ಯಮ್ಮ ಅದನ್ನು ಒಂದು ಸಲ ನೋಡಿದವಳು ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ. ಆ ಸೀಟಿನಲ್ಲಿ ಕೂತಿದ್ದವನು ಸಮರ್ಥ, ಅವಳ ಸೊಸೆ ಸ್ಪಂದನಳ ಒಬ್ಬನೇ ತಮ್ಮ. ಜೀಪು ಬಂಡೆಯಿಂದ ಉರುಳಿದಾಗ ಅಲ್ಲೇ ಸತ್ತ.

ಓಡಿಸುತ್ತಿದ್ದವನು ಅಕ್ಕಯ್ಯಮ್ಮನ ಮಗ ಮೋಹನ್ ಕುಮಾರ್. ಜ್ಞಾನಭಾರತಿ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು, ವಾರವೆಲ್ಲ ಮೊಳೆ ಪೈಪು ಮಾರಿ, ಭಾನುವಾರ ಬಂತೆಂದರೆ ತನ್ನ ಜೀಪಿನ ಗೆಳೆಯರ ಜೊತೆ ರಾಮನಗರದಾಚೆಯ ಬಂಡೆ, ಕೊರಕಲು, ಹಳ್ಳ ಹುಡುಕಿಕೊಂಡು ಹೋಗುತ್ತಿದ್ದ. ರಸ್ತೆ ಇರುವ ಕಡೆ ಹೋದರೆ ಅದೇನು ಜೀಪು ಅಂತ ಅವನ ವಾದ. ಭಾವನ ಹುಚ್ಚು ಭಾಮೈದನಿಗೂ ಅಂಟಿತ್ತು. ಆ ಭಾನುವಾರ ಇಬ್ಬರೂ ಒಂದು ಬಂಡೆ ಇಳಿಯುತ್ತಿದ್ದರು. ಗಾಡಿ ನಿಲ್ಲಲಿಲ್ಲ.

'ಬ್ರೇಕ್ ಹಿಡೀಲಿಲ್ಲ ಅಮ್ಮ. ಪೆಡಲ್ಲು ಸೀದಾ ಕೆಳಕ್ಕೆ ಹೋಯ್ತು,' ಅಂತ ಆಸ್ಪತ್ರೆಯ ಮಂಚದ ಮೇಲೆ ಮೋಹನ್ ಹೇಳಿದ್ದೇ ಹೇಳಿದ್ದು. ಯಾರೂ ನಂಬಲಿಲ್ಲ. ಯಾಕೆ ನಂಬುತ್ತಾರೆ? ಸಮರ್ಥನ ಫೋನಿನಲ್ಲಿ ವೀಡಿಯೋ ಸಿಕ್ಕಿತ್ತು. 'ಇನ್ನೂ ಸ್ವಲ್ಪ ಬಿಡಿ ಭಾವ, ಹೆದರ್ಕೊಂಡ್ರಾ?' ಅಂತ ಆ ಹುಡುಗ ನಗುತ್ತಿರುವುದು, ಮೋಹನ್ ಕೂಡ ನಗುತ್ತಿರುವುದು ಅದರಲ್ಲಿದೆ. ಬಿದ್ದ ಏಟಿಗೆ ಬ್ರೇಕಿನ ಪೈಪೆಲ್ಲ ಕಿತ್ತುಹೋಗಿದ್ದರಿಂದ ಅದು ಮೊದಲೇ ಕೆಟ್ಟಿತ್ತೋ ಆಮೇಲೆ ಕೆಟ್ಟಿತೋ ಹೇಳಲು ಯಾರಿಂದಲೂ ಆಗಲಿಲ್ಲ. ನಗು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಅಜಾಗರೂಕತೆಯ ಕೇಸು ಬಿತ್ತು.

ಸ್ಪಂದನ ಮಹಾಲಕ್ಷ್ಮಿ ಲೇಔಟಿನ ತವರಿಗೆ ಹೋದಳು. ಹೋಗುವ ಮುಂಚೆ ಗಂಡನೆದುರು ನಿಂತು, 'ನೀವು ಬ್ರೇಕ್ ಮೇಲೆ ಹಾಕ್ತಿದೀರಲ್ಲ, ಅದನ್ನೇ ನನಗೆ ತಡ್ಕೊಳಕ್ಕೆ ಆಗ್ತಿಲ್ಲ. ಜೋರಾಗಿ ಓಡಿಸ್ದೆ ಅಂತ ಒಪ್ಕೊಳಿ, ಸಾಕು,' ಅಂದಳು. ಮೋಹನ್ ಕೊನೆಗೆ ಹೂಂ ಅಂದ. ಅಲ್ಲಿಗೆ ಮುಗಿಯಿತು ನೋಡಿ. ಆವತ್ತಿನಿಂದ ಅವನೂ ಅದನ್ನೇ ನಂಬತೊಡಗಿದ. ಅಂಗಡಿ ಬಾಗಿಲು ತೆಗೆಯಲಿಲ್ಲ. ತಟ್ಟೆ ಮುಂದೆ ಕೂತರೆ ಅನ್ನ ಆರಿ ಗಟ್ಟಿಯಾಗುವ ತನಕ ಕೂತಿರುತ್ತಿದ್ದ. ಅಕ್ಕಯ್ಯಮ್ಮ ಬಚ್ಚಲುಮನೆಯ ಒಳಚಿಲಕವನ್ನೇ ಕೀಳಿಸಿಹಾಕಿದಳು. ಹೆತ್ತ ಹೊಟ್ಟೆಗೆ ಗೊತ್ತಾಗಿತ್ತು, ಆ ಸಾವಿನ ಭಾರ ತಲೆಯಿಂದ ಇಳಿಯದಿದ್ದರೆ ಇವನು ಬಹಳ ದಿನ ಉಳಿಯುವುದಿಲ್ಲ ಅಂತ.

ಜೀಪನ್ನು ಬಿಚ್ಚಿ ಹಾಕುವುದಕ್ಕೆ ಮೋಹನ್ ಯೋಗಾನಂದನಿಗೆ ಹೇಳಿದ್ದ. ಮೈಸೂರು ರಸ್ತೆಯ ಪಕ್ಕ ಗ್ಯಾರೇಜು ಇಟ್ಟಿರುವ ಯೋಗಾನಂದನೇ ಮೊದಲಿನಿಂದ ಆ ಗಾಡಿ ನೋಡಿಕೊಳ್ಳುತ್ತಿದ್ದವನು. ಕೆಲಸಕ್ಕೆ ಬರುವುದನ್ನು ತೆಗೆದುಕೋ, ಮಿಕ್ಕಿದ್ದು ಗುಜರಿಗೆ ಹಾಕು, ನನಗೆ ಅದು ಕಣ್ಣಿಗೆ ಬೀಳಬಾರದು ಅಂತ ಮಾತು. ಯೋಗಾನಂದ ಬೆಳಿಗ್ಗೆಯೇ ಬಂದು ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಶುರುಮಾಡಿದ. ಅಕ್ಕಯ್ಯಮ್ಮನ ಗಂಡ ಹನುಮಂತಯ್ಯ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕು ಕಟ್ಟಿಕೊಂಡು ಹೊಸ ಲೇಔಟಿನ ಕಡೆ ಹೋಗಿದ್ದರು. ಹೊಲವೆಲ್ಲ ಸೈಟಾಗಿ ಹೋದರೂ ಟ್ರ್ಯಾಕ್ಟರನ್ನು ಮಾತ್ರ ಆ ಮನುಷ್ಯ ಬಿಟ್ಟಿರಲಿಲ್ಲ.

ಅಕ್ಕಯ್ಯಮ್ಮ ಕಾಫಿ ತೆಗೆದುಕೊಂಡು ಹೋದಾಗ ಯೋಗಾನಂದ ಜೀಪಿನ ಕೆಳಗಿನಿಂದ ಎಣ್ಣೆ ಇಳಿಸುತ್ತಿದ್ದ. ಸುತ್ತ ಪ್ಲಾಸ್ಟಿಕ್ ಬೋಗುಣಿಗಳು.

'ಇಷ್ಟೊಂದು ಬೋಗುಣಿ ಯಾಕಪ್ಪ? ಎಲ್ಲಾ ಒಂದೇ ಎಣ್ಣೆ ಅಲ್ವಾ?'

'ಅಯ್ಯೋ, ಇಲ್ಲಮ್ಮ. ಒಂದೊಂದು ಜಾಗಕ್ಕೂ ಒಂದೊಂದು,' ಅಂತ ಯೋಗಾನಂದ ಎದ್ದು ಕೂತ. ಪಾಪ, ಅವನಿಗೂ ಆ ಗಾಡಿಯ ಕೆಳಗೆ ಒಬ್ಬನೇ ಮಲಗಿರುವುದು ಬೇಡವಾಗಿತ್ತೋ ಏನೋ, ಮಾತಿಗೆ ಸಿಕ್ಕಿದವರನ್ನು ಬಿಡಲಿಲ್ಲ. 'ಈ ಕಪ್ಪಗಿರೋದು ಎಂಜಿನ್ ಆಯಿಲ್. ಬಿಸೀಲಿ ಓಡಾಡಿ ಓಡಾಡಿ ಬಣ್ಣ ಕೆಟ್ಟಿರುತ್ತೆ. ಇದು ಗೇರ್ ಬಾಕ್ಸಿಂದು, ಮಂದ ನೋಡಿ. ನಾಲ್ಕು ಚಕ್ರಕ್ಕೂ ಶಕ್ತಿ ಹಂಚೋಕೆ ಇನ್ನೊಂದು ಪೆಟ್ಟಿಗೆ ಇದೆ, ಅದರದ್ದು ಈ ಕಡೆ. ಮುಂದೆ ಹಿಂದೆ ಆಕ್ಸಲ್ ಮಧ್ಯೆ ಗುಂಡಗಿರುತ್ತಲ್ಲ, ಅದರಲ್ಲಿರೋದು ಇನ್ನೂ ಗಟ್ಟಿ, ಗಂಧಕದ ನಾತ ಬೇರೆ. ಹಳ್ಳದಲ್ಲಿ ಇಳಿಸಿ ಇಳಿಸಿ ಇದಕ್ಕೆ ನೀರು ಸೇರ್ಕೊಂಡಿದೆ, ಅದಕ್ಕೇ ಹಾಲು ಹಾಕಿದ ಕಾಫಿ ಥರ ಆಗಿದೆ. ಕೆಂಪಗಿರೋದು ಸ್ಟೇರಿಂಗಿಂದು.'

'ನಮ್ಮ ಟ್ರ್ಯಾಕ್ಟರಿಗೆ ಇಷ್ಟೆಲ್ಲ ಇಲ್ವಲ್ಲಪ್ಪ. ಇವರು ಒಂದೇ ಡಬ್ಬದಿಂದ ಹುಯ್ಯೋದು.'

'ಅದು ಸರಿ. ನಿಮ್ಮ ಟ್ರ್ಯಾಕ್ಟರಲ್ಲಿ ಗೇರು, ಹಿಂದೆ ಎತ್ತೋ ಲಿಫ್ಟು, ಬ್ರೇಕು, ಮೂರೂ ಒಂದೇ ಎಣ್ಣೇಲಿ ಮುಳುಗಿರುತ್ವೆ. ಅದರ ಬ್ರೇಕ್ ಇರೋದೇ ಹಂಗೆ. ಜೀಪಿಂದು ಹಂಗಲ್ಲ. ಇದರ ಬ್ರೇಕ್ ಆಯಿಲ್ಲು ಹೆಸರಿಗೆ ಆಯಿಲ್ಲು ಅಷ್ಟೆ, ಅದರಲ್ಲಿ ಜಿಡ್ಡೇ ಇಲ್ಲ.'

ಹೇಳುತ್ತ ಹೇಳುತ್ತಲೇ ಅವನು ಬಾನೆಟ್ಟಿನ ಕೆಳಗೆ ಕೈ ಹಾಕಿ ಬ್ರೇಕಿನ ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿದ. ಬರಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ. ಮುಚ್ಚಳ ಬಂತು, ಅದರೊಳಗಿನ ರಬ್ಬರು ಮುಚ್ಚಳದಿಂದ ಆಚೆಗೆ ಉಬ್ಬಿಕೊಂಡು, ನೀರಿಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಸೊಟ್ಟಗೆ ನೇತಾಡುತ್ತಿತ್ತು. ಯೋಗಾನಂದ ಬಗ್ಗಿ ಒಳಗೆ ಇಣುಕಿದ. ಡಬ್ಬಿಯ ತಳದಲ್ಲಿ ಮಿಕ್ಕಿದ್ದಕ್ಕೆ ಬೆರಳು ಅದ್ದಿ, ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ.

'ಇದಕ್ಕೆ ಯಾರೋ ಬೇರೆ ಎಣ್ಣೆ ಹುಯ್ದಿದಾರೆ ಅಮ್ಮ,' ಅಂದ ಮೆಲ್ಲಗೆ.

ಅವನು ಬೆರಳು ಚಾಚಿದ. ಅಕ್ಕಯ್ಯಮ್ಮ ಮೂಸಿ ನೋಡಿದಳು. ಮದುವೆಯಾಗಿ ಬಂದು, ಆ ಟ್ರ್ಯಾಕ್ಟರು ಮನೆಗೆ ಬಂದಾಗಿನಿಂದ ಒಗೆಯುವ ಕಲ್ಲಿನ ಮೇಲೆ ಗಂಡನ ಅಂಗಿಯಿಂದ ಸೋಪು ಹಾಕಿ ಹಾಕಿ ಬಿಡಿಸಿದ ವಾಸನೆ ಅದು. ಬೇರೆ ಯಾವ ವಾಸನೆ ಮರೆತರೂ ಅದನ್ನು ಅವಳ ಮೂಗು ಮರೆಯುವುದಿಲ್ಲ.

ಎಲ್ಲ ಕಣ್ಣಿಗೆ ಕಟ್ಟಿತು. ಭಾವ ಭಾಮೈದ ಬಂಡೆಗೆ ಹೋಗುವ ಹಿಂದಿನ ವಾರ, ಮುಸ್ಸಂಜೆ. ಮೋಹನ್ ಅಂಗಡಿಯಲ್ಲಿದ್ದ. ಹನುಮಂತಯ್ಯ ಜೀಪಿನ ಬಾನೆಟ್ಟು ಎತ್ತಿ ಇಣುಕುತ್ತ, 'ಬಾರೇ ಇಲ್ಲಿ, ಒಸಿ ಬೆಳಕು ಹಿಡಿ. ನಿನ್ನ ಮಗನಿಗೆ ಶೋಕಿ ಮಾಡಕ್ಕೆ ಬತ್ತದೆ, ಗಾಡಿ ನೋಡ್ಕೊಳಕ್ಕೆ ಬರಲ್ಲ. ನೋಡು, ಬ್ರೇಕಿನ ಆಯಿಲ್ಲು ಎಷ್ಟು ಕೆಳಕ್ಕೆ ಹೋಗೈತೆ,' ಅಂದಿದ್ದರು. ಇವಳು ಫೋನಿನ ಬೆಳಕು ಹಿಡಿದಿದ್ದಳು. ಅವರು ಟ್ರ್ಯಾಕ್ಟರಿನ ಡಬ್ಬದಿಂದ ಒಂದು ಹನಿ ಆಚೆ ಚೆಲ್ಲದಂತೆ ಹುಯ್ದು, ಹೆಗಲ ಮೇಲಿನ ಟವಲಿನಿಂದ ಡಬ್ಬಿಯ ಬಾಯಿ ಒರೆಸಿ, ಮುಚ್ಚಳ ಬಿಗಿ ಮಾಡಿದ್ದರು. ಜೀಪಿನ ವಿಷಯದಲ್ಲಿ 'ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ ಅಪ್ಪ' ಅಂತ ಮಗ ಯಾವಾಗಲೂ ಕೈ ಬೀಸಿ ಕಳಿಸುತ್ತಿದ್ದ. ಆವತ್ತು ಮಗನಿಗೆ ಗೊತ್ತಿಲ್ಲದೆ ಒಂದು ಕೆಲಸ ಮಾಡಿಕೊಟ್ಟ ಖುಷಿ ಅವರ ಮುಖದಲ್ಲಿತ್ತು.

'ಹುಯ್ದ ತಕ್ಷಣ ಏನೂ ಗೊತ್ತಾಗಲ್ಲ,' ಯೋಗಾನಂದ ಹೇಳುತ್ತಲೇ ಇದ್ದ. 'ನಾಲ್ಕು ದಿನ ಚೆನ್ನಾಗೇ ಹಿಡಿಯುತ್ತೆ. ಒಳಗೆ ರಬ್ಬರೆಲ್ಲ ಊದ್ಕೊಳುತ್ತೆ. ಆಮೇಲೆ ಬ್ರೇಕು ಹಿಡಿದಿದ್ದು ಬಿಡಲ್ಲ, ಕಾಯುತ್ತೆ, ಕಾದು ಕಾದು ಕೊನೆಗೆ ಕೈ ಕೊಡುತ್ತೆ. ಆವತ್ತು ಮೋಹನಣ್ಣ ದಾರಿಯಿಂದ ಫೋನ್ ಮಾಡಿದ್ರು ಅಮ್ಮ. ಗಾಡಿ ಯಾಕೋ ಎಳೀತಿಲ್ಲ, ಸುಟ್ಟ ವಾಸನೆ ಬರ್ತಿದೆ ಅಂದ್ರು. ಕ್ಲಚ್ ಇರ್ಬೇಕು, ಬಂದ್ಮೇಲೆ ನೋಡೋಣ ಅಂದುಬಿಟ್ಟೆ ನಾನು.' ಊದಿದ ರಬ್ಬರನ್ನು ಕೆಳಗಿಟ್ಟ. 'ಅವರು ಹೇಳಿದ್ದೇ ನಿಜ. ಬ್ರೇಕು ಹಿಡಿದೇ ಇಲ್ಲ. ಯಾರಮ್ಮ ಇದನ್ನ ಹಾಕಿದ್ದು?'

ಮಗ ನಿರಪರಾಧಿ ಅನ್ನುವುದು ಕಿವಿಗೆ ಬಿದ್ದ ಗಳಿಗೆಯಲ್ಲೇ ಗಂಡನ ಹೆಸರು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಎಂಥ ದೇವರಪ್ಪ ಇವನು, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವವನು. ಹನುಮಂತಯ್ಯನವರ ಜೀವ ಎಂಥದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೆ ಬೇಸಾಯ ಇದ್ದ ಕಾಲದಲ್ಲಿ ಅವರು ಹಸಿ ಜೋಳದ ಹೊಲಕ್ಕೆ ಎತ್ತು ಬಿಟ್ಟು ಮರೆತು, ಅದು ಹೊಟ್ಟೆ ಉಬ್ಬರಿಸಿ ಸತ್ತಿತ್ತು. ಒಂದು ಎತ್ತಿಗೋಸ್ಕರ ಆ ಮನುಷ್ಯ ಬಾವಿಯ ಕಟ್ಟೆ ಹತ್ತಿದ್ದರು. ಪಂಚೆ ಹಿಡಿದು ಎಳೆದು ಕೆಡವಿದವಳು ಇವಳೇ. ಈಗ ಹೋಗಿರುವುದು ಬೀಗರ ಮನೆಯ ಒಬ್ಬನೇ ಗಂಡುಮಗ. ಅವನ ಮಣ್ಣಿಗೆ ಹೋದಾಗ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಗೊತ್ತಾದರೆ ಉಳಿಯುತ್ತಾರೆಯೇ?

'ನಾನೇ ಕಣಪ್ಪ,' ಅಂದಳು ಅಕ್ಕಯ್ಯಮ್ಮ.

ಯೋಗಾನಂದ ಅವಳ ಮುಖವನ್ನೇ ನೋಡಿದ. 'ನೀವಾ? ಯಾವ ಮುಚ್ಚಳ ತೆಗೆದ್ರಿ ತೋರ್ಸಿ?'

ಅವಳು ತೋರಿಸಿದಳು. ಬೆಳಕು ಹಿಡಿದವಳಿಗೆ ಗೊತ್ತಿಲ್ಲವೇ. 'ಕಮ್ಮಿ ಐತೆ ಅನ್ನಿಸ್ತು. ಇವರು ಟ್ರ್ಯಾಕ್ಟರಿಗೆ ಹಾಕೋದು ನೋಡಿದ್ನಲ್ಲ, ಅದನ್ನೇ ಹುಯ್ದೆ. ಒಳ್ಳೇದಾಗ್ಲಿ ಅಂತ.' ಕೊನೆಯ ಮಾತು ಸುಳ್ಳಾಗಿರಲಿಲ್ಲ, ಆದ್ದರಿಂದ ಅಲ್ಲಿ ಅವಳ ಧ್ವನಿ ನಡುಗಿತು. ಯೋಗಾನಂದ ತಲೆ ತಗ್ಗಿಸಿದ.

ಬೀಗರಿಗೆ ಅವಳೇ ಫೋನು ಮಾಡಿದಳು. ನಿಮ್ಮ ಕಾಲಿಗೆ ಬೀಳ್ತೀನಿ, ಸ್ಪಂದನನ್ನ ಕರ್ಕೊಂಡು ಒಂದ್ಸಲ ಬನ್ನಿ, ಒಂದು ವಿಷಯ ಹೇಳಬೇಕು ಅಂದಳು. ಅವರು ಬರುವಷ್ಟರಲ್ಲಿ ಶೆಡ್ಡಿನಲ್ಲಿದ್ದ ಹಗ್ಗವನ್ನೆಲ್ಲ ಸುತ್ತಿ ತಮ್ಮ ಬಾಡಿಗೆಯವರ ಮನೆಯ ಅಟ್ಟದ ಮೇಲೆ ಎಸೆದಳು. ತೊಣಚಿ ಹುಳುವಿಗೆ ಹಾಕುವ ವಿಷದ ಬಾಟಲಿ ಚರಂಡಿಗೆ ಹೋಯಿತು. ಎಣ್ಣೆ ಬೆರೆಸಿದರೆ ಹೀಗಾಗುತ್ತದೆ ಅಂತ ಗೊತ್ತಾದ ಮೇಲೆ ಗಂಡನಿಗೆ ತಾನು ಮಾಡಿದ್ದು ಹೊಳೆದೇ ಹೊಳೆಯುತ್ತದೆ. ಹೊಳೆದಾಗ ಅವರ ಪಕ್ಕದಲ್ಲಿ ತಾನಿರಬೇಕು, ಕೈ ಹಿಡಿದು ಕೂರಿಸಬೇಕು, ಇಬ್ಬರೂ ಸೇರಿ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಸತ್ತರಾಯಿತು. ಇಷ್ಟೇ ಅವಳ ಲೆಕ್ಕಾಚಾರ. ದೊಡ್ಡ ಬುದ್ಧಿವಂತೆ!

ಮಧ್ಯಾಹ್ನ ನಡುಮನೆಯಲ್ಲಿ ಎಲ್ಲರೂ ಕೂತರು. ಸ್ಪಂದನ ಅಪ್ಪ ಅಮ್ಮನ ನಡುವೆ ಕೂತಿದ್ದಳು, ಮೋಹನ್ ಬಾಗಿಲ ಹತ್ತಿರ, ಹನುಮಂತಯ್ಯ ತಮ್ಮ ಮಾಮೂಲಿ ಕುರ್ಚಿಯಲ್ಲಿ. ಯೋಗಾನಂದ ಊದಿದ ರಬ್ಬರನ್ನು ಕಾಗದದ ಮೇಲಿಟ್ಟು ಬೆಳಿಗ್ಗೆ ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳಿದ. ಅಕ್ಕಯ್ಯಮ್ಮ ಎದ್ದು ನಿಂತು, 'ಹುಯ್ದವಳು ನಾನು. ನನ್ನ ಮಗಂದು ಏನೂ ತಪ್ಪಿಲ್ಲ,' ಅಂದಳು.

ಸ್ಪಂದನಳ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮೋಹನ್ ಗೋಡೆಗೆ ಒರಗಿದ. ಅವನ ಮುಖ ಸಡಿಲವಾಯಿತು, ಹೊತ್ತ ಮೂಟೆ ಇಳಿಸಿದ ಹಮಾಲಿಯ ಹಾಗೆ ಒಂದು ದೊಡ್ಡ ಉಸಿರು ಬಿಟ್ಟ. ಅದನ್ನು ನೋಡಿ ಅಕ್ಕಯ್ಯಮ್ಮನ ಜೀವ ತಣ್ಣಗಾಯಿತು. ಆ ಒಂದು ಉಸಿರಿಗೆ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಆದರೆ ಮರುಗಳಿಗೆಯಲ್ಲಿ ಅವನು ತಾಯಿಯನ್ನು ನೋಡಿದ. 'ನೀನಾ ಅಮ್ಮ?' ಅಂದ. ಆಮೇಲೆ ಮುಖ ಆಚೆ ತಿರುಗಿಸಿದ.

ಹನುಮಂತಯ್ಯ ಬಿಳಿಚಿಕೊಂಡಿದ್ದರು. ಕುರ್ಚಿಯ ಕೈ ಹಿಡಿದ ಬೆರಳುಗಳು ಅದುರುತ್ತಿದ್ದವು. ಹೊಳೆದಿದೆ ಅಂತ ಅಕ್ಕಯ್ಯಮ್ಮನಿಗೆ ಗೊತ್ತಾಯಿತು. ಅವರು ಅವಳ ಕಡೆ ನೋಡಿದರು. ಇವಳು ಕಣ್ಣಲ್ಲೇ ಹೇಳಿದಳು, ನನಗೆ ಗೊತ್ತು, ಸುಮ್ಮನಿರಿ ಅಂತ. ಹೇಳುತ್ತಲೇ ಅವರ ಕುರ್ಚಿಯ ಹತ್ತಿರಕ್ಕೆ ಜರುಗಿದಳು, ಎಲ್ಲಾದರೂ ಕುಸಿದರೆ ಹಿಡಿಯೋಣ ಅಂತ.

'ಯಜಮಾನ್ರೆ, ಇದು ನಿಮ್ಮ ಗಮನಕ್ಕೇ ಬರಲಿಲ್ವಾ?' ಬೀಗರು ಕೇಳಿದರು.

ಹನುಮಂತಯ್ಯ ತುಟಿ ಸವರಿಕೊಂಡರು. 'ಬಂದಿದ್ರೆ ಬಿಡ್ತಿದ್ನಾ,' ಅಂದರು. ಧ್ವನಿ ಹೊರಡಲಿಲ್ಲ. ಕೆಮ್ಮಿ, ಮತ್ತೆ ಹೇಳಿದರು, 'ನನ್ನ ಗಮನಕ್ಕೆ ಬಂದಿದ್ರೆ ಬಿಡ್ತಿದ್ನಾ ಸ್ವಾಮಿ? ಟ್ರ್ಯಾಕ್ಟರಿಂದೇ ಬೇರೆ, ಜೀಪಿಂದೇ ಬೇರೆ. ಟ್ರ್ಯಾಕ್ಟರಲ್ಲಿ ಬ್ರೇಕು ಎಣ್ಣೇಲಿ ಮುಳುಗಿರ್ತದೆ. ಜೀಪಿಂದು ಹಂಗಲ್ಲ, ಅದರಲ್ಲಿ ಜಿಡ್ಡೇ ಇರಬಾರದು. ಎಂಜಿನ್ನಿಂದು ಒಂದು, ಗೇರಿಂದು ಒಂದು, ಬ್ರೇಕಿಂದು ಒಂದು. ಇದು ಇಷ್ಟು ವರ್ಷ ಗಾಡಿ ಕಟ್ಟಿದ ನನಗೆ ಗೊತ್ತಿರಲ್ವಾ? ಇವಳಿಗೇನು ಗೊತ್ತಾಗ್ತದೆ, ಡಬ್ಬ ಕಂಡ್ರೆ ಹುಯ್ಯೋದು. ಅಡುಗೆಮನೆ ಎಣ್ಣೆ ಅಂದ್ಕೊಂಡವ್ಳೆ.'

ಮಾತು ಮುಂದುವರಿದಂತೆ ಅವರ ಬೆರಳಿನ ನಡುಕ ನಿಂತಿತು. ಮುಖಕ್ಕೆ ರಕ್ತ ಬಂತು. ಹಣೆ ಹಣೆ ಚಚ್ಚಿಕೊಂಡು, 'ಮನೆ ಹಾಳು ಮಾಡ್ದೆಯಲ್ಲೇ,' ಅಂದರು. ಹಿಡಿಯುವುದಕ್ಕೆ ಚಾಚಿದ್ದ ಕೈಯನ್ನು ಅಕ್ಕಯ್ಯಮ್ಮ ಹಿಂದಕ್ಕೆ ತೆಗೆದುಕೊಂಡಳು. ಸುಮ್ಮನಿರಿ ಅಂತ ಬೇಡಿಕೊಂಡವಳು ಅವಳೇ, ಸುಮ್ಮನಿದ್ದಿದ್ದರೆ ಅವಳಿಗೆ ಒಂದಿಷ್ಟೂ ನೋವಾಗುತ್ತಿರಲಿಲ್ಲ. ಈ ಮಾತು ಅವಳಿಗೆ ಬೆಂಕಿಯಾಗಿ ತಾಕಿತು. ಎಲ್ಲರೆದುರು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಮಗನ ತಲೆಯಿಂದ ಇಳಿದದ್ದು ಎಲ್ಲಿ ಹೋಗಿ ಕೂರುತ್ತದೋ.

ಸ್ಪಂದನ ಗಂಡನ ಜೊತೆ ಅಲ್ಲೇ ಉಳಿದಳು. ಹೊರಡುವ ಅಪ್ಪ ಅಮ್ಮನನ್ನು ಕಳಿಸಿ ಬಂದು ಅಕ್ಕಯ್ಯಮ್ಮನ ಎದುರು ನಿಂತು, 'ನೀವು ಬೇಕು ಅಂತ ಮಾಡಿಲ್ಲ, ನಂಗೊತ್ತು ಅತ್ತೆ. ಆದ್ರೆ ನಿಮ್ಮ ಕೈಯಿಂದ ಒಂದು ಲೋಟ ನೀರು ಇಸ್ಕೊಳಕ್ಕೂ ನನ್ನ ಕೈಲಿ ಆಗ್ತಿಲ್ಲ,' ಅಂದಳು. ಕೂಗಾಡಲಿಲ್ಲ. ಮೇಲಿನ ಮನೆಯ ಬಾಡಿಗೆಯವರು ಬಿಟ್ಟುಹೋಗಿದ್ದರು, ಗಂಡಹೆಂಡತಿ ಅಲ್ಲಿ ಒಲೆ ಹೂಡಿದರು. ವಕೀಲರು ಕೇಸು ಹಗುರಾಗುತ್ತದೆ ಅಂದರು. ಅಂಗಡಿ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಮಗನ ಹೆಜ್ಜೆ ಕೇಳಿದಾಗಲೆಲ್ಲ ಅಕ್ಕಯ್ಯಮ್ಮ ಕಿಟಕಿಗೆ ಬರುತ್ತಿದ್ದಳು. ಅವನು ಊಟ ಮಾಡುತ್ತಿದ್ದಾನೆ, ಕೆನ್ನೆ ತುಂಬಿಕೊಂಡಿದೆ. ಕಿಟಕಿಯ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ಇಷ್ಟೆಲ್ಲ ಅವಳು ಹೊತ್ತುಕೊಂಡಾಳು. ಗಂಡನ ಒಂದು ಮಾತಿಗಾಗಿ ಕಾಯುತ್ತಿದ್ದಳು. ಇಬ್ಬರೇ ಇದ್ದಾಗ, ಬಾಗಿಲು ಹಾಕಿಕೊಂಡು, ಒಂದೇ ಒಂದು ಮಾತು. ಹೇಗೋ ಆಗಿಹೋಯ್ತು ಕಣೇ ಅಂದರೂ ಸಾಕಿತ್ತು. ಆ ಮನುಷ್ಯ ಟ್ಯಾಂಕರು ಹೊಡೆದುಕೊಂಡು ಬರುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಉಣ್ಣುತ್ತಿದ್ದರು. ಟೀ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಯಾವ ಜಾಗಕ್ಕೆ ಯಾವ ಎಣ್ಣೆ ಅಂತ ಬಿಡಿಸಿ ಹೇಳುತ್ತಾರಂತೆ ಅಂತ ಪಕ್ಕದ ಮನೆಯವಳು ಬಂದು ಹೇಳಿಹೋದಳು.

ಒಂದು ಸಂಜೆ ಮುದ್ದೆ ಬಡಿಸಿ ಎದುರು ಕೂತಿದ್ದಳು. ಹನುಮಂತಯ್ಯ ತುತ್ತು ಮುರಿಯುತ್ತಿದ್ದವರು ನಿಲ್ಲಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಬಂತು, ಕೊನೆಗೂ ಬಂತು ಅಂದುಕೊಂಡಳು ಅಕ್ಕಯ್ಯಮ್ಮ.

'ಆ ಡಬ್ಬ ಮುಟ್ಟೋಕೆ ಮುಂಚೆ ನನ್ನ ಒಂದು ಮಾತು ಕೇಳಿದ್ದಿದ್ರೆ,' ಅಂದರು, 'ಆ ಹುಡುಗ ಬದುಕಿರ್ತಿತ್ತು ಕಣೆ.'

ಅವಳು ಹೆದರಿ ಹಿಂದಕ್ಕೆ ತಿರುಗಿ ನೋಡಿದಳು, ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಅಂತ. ಯಾರೂ ಇರಲಿಲ್ಲ. ಯಾರಿಗಾದರೂ ಕೇಳಲಿ ಅಂತ ಆಡಿದ ಮಾತಾಗಿರಲಿಲ್ಲ ಅದು. ಅವರ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿ ಅಳುತ್ತಿದ್ದರು, ನಿಜವಾಗಿ ಅವಳನ್ನು ಕ್ಷಮಿಸಲು ಒದ್ದಾಡುತ್ತಿದ್ದರು.

'ಹುಯ್ದಿದ್ದು ನೀವು,' ಅಂದಳು ಅಕ್ಕಯ್ಯಮ್ಮ. ಸಿಟ್ಟಿನಿಂದಲ್ಲ, ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸುವಷ್ಟು ಮೆಲ್ಲಗೆ ಅಂದಳು. 'ನಾನು ಬೆಳಕು ಹಿಡಿದಿದ್ದೆ. ನೀವು ಟವಲಲ್ಲಿ ಡಬ್ಬಿ ಬಾಯಿ ಒರೆಸಿದ್ರಿ. ಇಲ್ಲಿ ನಾವಿಬ್ಬರೇ ಇದೀವಿ, ಈಗಲಾದ್ರೂ ಹೂಂ ಅನ್ನಿ.'

ಹನುಮಂತಯ್ಯ ಅವಳನ್ನು ಮರುಕದಿಂದ ನೋಡಿದರು. ಎದ್ದು, ಎಂಜಲು ಕೈಯಲ್ಲೇ ಬಾಗಿಲಿಗೆ ಹೋಗಿ ಮೇಲಕ್ಕೆ ಕೂಗಿದರು. 'ಮೋಹನಾ, ಒಸಿ ಬಾ ಇಲ್ಲಿ. ನಿಮ್ಮಮ್ಮ ಏನೇನೋ ಆಡ್ತಾವ್ಳೆ. ನಾನು ಹುಯ್ದೆ ಅಂತಾಳೆ.'

ಮೋಹನ್ ಇಳಿದು ಬಂದ. ಅಷ್ಟು ದಿನಗಳ ಮೇಲೆ ಮೊದಲ ಸಲ ಆ ಅಡುಗೆಮನೆಯ ಹೊಸಿಲ ಮೇಲೆ ನಿಂತು ತಾಯಿಯ ಮುಖ ನೋಡಿದ. ಅವಳು ಬಾಯಿ ತೆರೆದಳು. ಒಂದು ಮಾತು ಆಡಿದರೆ ಸಾಕು ಅವನು ನಂಬುತ್ತಾನೆ ಅಂತ ಅವಳಿಗೆ ಅನಿಸಿತು. ಅವನು ಅದಕ್ಕೂ ಬಿಡಲಿಲ್ಲ.

'ನೀನು ಮಾಡಿದ್ದನ್ನ ಈಗ ಅಪ್ಪನ ಮೇಲೆ ಹಾಕ್ತಿದೀಯಾ ಅಮ್ಮ?' ಅಂದ. ಸಿಟ್ಟಿರಲಿಲ್ಲ, ಬೇಸರವಿತ್ತು.

ಅಕ್ಕಯ್ಯಮ್ಮ ಮುದ್ದೆಯ ಪಾತ್ರೆಯ ಮುಚ್ಚಳ ತೆಗೆದಳು. ಆಮೇಲೆ, 'ಊಟ ಆಯ್ತಾ ಮಗ, ಒಂದು ಮುದ್ದೆ ಇಡ್ಲಾ?' ಅಂತ ಕೇಳಿದಳು. ಬೇಡ ಅಂದು ಅವನು ಮೆಟ್ಟಿಲು ಹತ್ತಿದ.